ಹಿತ್ತಲ ಬೆಂಕಿ, ಊರ ಹೊಗೆ

(ಉತ್ತರ ಕ್ಯಾಲಿಫೋರ್ನಿಯಾದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯ, ಸಂಗೀತಗಳ ಚರ್ಚೆ ನಡೆಯುವ ಈ ವೇದಿಕೆಯಲ್ಲಿ ಕಸದ ವಿಷಯವನ್ನು ಎತ್ತಿಕೊಂಡಿದ್ದಕ್ಕೆ ಮೊದಲು ಕ್ಷಮೆ ಕೋರುತ್ತೇವೆ. ಆದರೆ ಈ ವಿಷಯ ನಮ್ಮ ಮನೆಯ ಹಿತ್ತಲಿನಲ್ಲಿಯೇ ಹುಟ್ಟಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳು. ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದವರಾದ ನಮ್ಮ ಮಾವನವರು ಊರಿನಿಂದ ಬಂದಿದ್ದರು. ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದಾಗ ಅವರು ತರಗೆಲೆಗಳನ್ನು ಗುಡಿಸಿ ರಾಶಿ ಹಾಕಿ, ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಮೇಲಿಟ್ಟು ಕಡ್ಡಿ ಗೀರಿದರು. ಸ್ವಲ್ಪ ಹೊತ್ತಿನಲ್ಲೇ ಅಗ್ನಿಶಾಮಕ ದಳದ ವಾಹನ ಬಾಗಿಲಿಗೆ ಬಂದಿತು. ಬಂದವರು ಬೆಂಕಿ ನಂದಿಸಿ, ಎಚ್ಚರಿಕೆ ನೀಡಿ ಹೋದರು. ಸಂಜೆ ನೆರೆಮನೆಯ ತಾಯಿ ಬಂದರು. ಅವರ ಏಳು ವರ್ಷದ ಮಗನಿಗೆ ಉಬ್ಬಸ. ಹೊಗೆ ಕಿಟಕಿಯಿಂದ ಒಳಹೊಕ್ಕು, ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾಯಿತಂತೆ. ಮಾವನವರು ಆ ರಾತ್ರಿ ಊಟ ಮಾಡಲಿಲ್ಲ. "ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ತಪ್ಪೆಂದು ಯಾರೂ ಹೇಳಿರಲಿಲ್ಲವಲ್ಲ" ಎಂದರು. ಅವರ ಆ ಮಾತಿಗೆ ಉತ್ತರ ಹುಡುಕುವುದೇ ಇಂದಿನ ನಮ್ಮ ಉದ್ದೇಶ.

ಅವರ ಬಾಲ್ಯದ ಕಸವೆಂದರೆ ಎಲೆ, ಸೋಗೆ, ತೆಂಗಿನ ಸಿಪ್ಪೆ. ಇಂದಿನ ಕಸ ಬೇರೆ. ಪಿವಿಸಿ ಪ್ಲಾಸ್ಟಿಕ್ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲವೂ, ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನ ಮೂಲಕ ನಮ್ಮ ತಟ್ಟೆಗೇ ಮರಳುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದು: ಒಂದು ಚಿಕ್ಕ ಸಂಸಾರ ದಿನವೂ ಪೀಪಾಯಿಯಲ್ಲಿ ಕಸ ಸುಟ್ಟರೆ ಹೊರಬೀಳುವ ಡಯಾಕ್ಸಿನ್, ಹತ್ತಾರು ಸಾವಿರ ಮನೆಗಳ ಕಸ ಸುಡುವ ಸುಸಜ್ಜಿತ ಸ್ಥಾವರದಷ್ಟೇ ಇರಬಹುದು. ಹಿತ್ತಲ ಬೆಂಕಿಗೆ ತಕ್ಕ ಶಾಖವಿಲ್ಲ, ಗಾಳಿ ಸಾಲದು, ಹೊಗೆಯನ್ನು ಸೋಸುವ ಸಾಧನವೂ ಇಲ್ಲ.

ಬರಿಯ ಎಲೆಯ ಹೊಗೆಯೂ ನಿರಪಾಯಕಾರಿಯಲ್ಲ. ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಭಾಗದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲದ ಶಾಂತ ರಾತ್ರಿಗಳಲ್ಲಿ ಕೆಳಗಿನ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುವುದರಿಂದ, ಹೊಗೆ ಮೇಲೇರದೆ ನಮ್ಮ ಕಣಿವೆಗಳಲ್ಲೇ ಉಳಿಯುತ್ತದೆ.

ಇನ್ನು ಕಿಡಿಯ ಮಾತು. 1991ರ ಅಕ್ಟೋಬರ್ 19ರಂದು ಓಕ್‌ಲ್ಯಾಂಡಿನ ಗುಡ್ಡದಲ್ಲಿ ಸಣ್ಣದೊಂದು ಬೆಂಕಿ ಹತ್ತಿತು. ಅದನ್ನು ಹತೋಟಿಗೆ ತಂದರು. ಮರುದಿನ ಒಣಗಾಳಿಗೆ ಬೂದಿಯೊಳಗಿನ ಕೆಂಡ ಮತ್ತೆ ಹೊತ್ತಿಕೊಂಡಿತು. 25 ಜನ ಸತ್ತರು. ಸುಮಾರು 3,000 ಮನೆಗಳು ನಾಶವಾದವು. ನುರಿತವರ ಕಣ್ಣನ್ನೇ ವಂಚಿಸಿದ ಕೆಂಡ ನಮ್ಮ ಒಂದು ಕೊಡ ನೀರಿಗೆ ಅಂಜೀತೇ?

ಕಾನೂನುಗಳು ಹುಟ್ಟಿದ್ದು ಇಂಥ ಅನುಭವದಿಂದ. ಲಾಸ್ ಏಂಜಲೀಸಿನಲ್ಲಿ ಒಂದು ಕಾಲಕ್ಕೆ ಮನೆಮನೆಯ ಹಿತ್ತಲಲ್ಲೂ ಕಸ ಸುಡುವ ಒಲೆಯಿತ್ತು. 1957ರ ಅಕ್ಟೋಬರ್ 1ರಿಂದ ಅದನ್ನು ನಿಷೇಧಿಸಲಾಯಿತು. 2004ರ ಜನವರಿಯಿಂದ, ಜನವಿರಳವಾದ ಕೆಲವು ಪ್ರದೇಶಗಳನ್ನು ಬಿಟ್ಟು, ಕ್ಯಾಲಿಫೋರ್ನಿಯಾದಲ್ಲೆಲ್ಲೂ ಮನೆಯವರು ಕಸ ಸುಡುವಂತಿಲ್ಲ. ನಮ್ಮ ಕೊಲ್ಲಿ ಪ್ರದೇಶದಲ್ಲಿ 2008ರ ನಿಯಮದ ಪ್ರಕಾರ, ವಾಯುಮಾಲಿನ್ಯದ ಎಚ್ಚರಿಕೆ ಹೊರಡಿಸಿದ ದಿನಗಳಲ್ಲಿ ಸೌದೆ ಉರಿಸುವುದೂ ಅಪರಾಧ. ಮೊದಲು ಚಳಿಗಾಲಕ್ಕೆ ಸೀಮಿತವಾಗಿದ್ದ ಇದು 2019ರಿಂದ ವರ್ಷಪೂರ್ತಿ ಅನ್ವಯಿಸುತ್ತದೆ. ಗ್ರಾಮಾಂತರದಲ್ಲಿ ಜಮೀನು ಕೊಂಡ ಬಂಧುಗಳು ಒಣ ರೆಂಬೆ ಸುಡುವ ಮುನ್ನ, ಅನುಮತಿ ಪತ್ರ ಬೇಕೇ, ಆ ದಿನ ಸುಡಬಹುದೇ ಎಂದು ಸ್ಥಳೀಯ ವಾಯುಮಂಡಳಿಯನ್ನೂ ಅಗ್ನಿಶಾಮಕ ದಳವನ್ನೂ ಕೇಳಬೇಕು. ಒಂದು ಕೌಂಟಿಯ ನಿಯಮ ಇನ್ನೊಂದಕ್ಕೆ ಸಲ್ಲದು.

ಇದನ್ನು ಪರದೇಶದ ಕಟ್ಟುಪಾಡೆಂದು ಭಾವಿಸಬಾರದು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಕಸದ ಅವ್ಯವಸ್ಥೆಯ ವಿರುದ್ಧ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರದೇ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ವಿಧಿಸಿತು.

ಹಾಗಾದರೆ ತರಗೆಲೆಯನ್ನು ಏನು ಮಾಡಬೇಕು? ಹಸಿರು ತೊಟ್ಟಿ ಇದೆ. 2022ರಿಂದ ಅಡುಗೆಮನೆಯ ಹಸಿ ಕಸವನ್ನೂ ಬೇರ್ಪಡಿಸಿ ಕೊಡುವ ನಿಯಮ ರಾಜ್ಯದಲ್ಲಿ ಜಾರಿಗೆ ಬಂದಿದೆ. ಬಣ್ಣ, ಬ್ಯಾಟರಿ, ಔಷಧ ಸಿಂಪಡಿಸಿದ ಮರ ಇವುಗಳಿಗೆ ಕೌಂಟಿಯ ಬೇರೆ ವ್ಯವಸ್ಥೆ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗೊಬ್ಬರದ ಗುಂಡಿಯ ವಿದ್ಯೆ ನಮ್ಮ ರೈತರಿಗೆ ಯಾರೂ ಕಲಿಸಬೇಕಾದುದಲ್ಲ.

ಮರುದಿನ ಬೆಳಿಗ್ಗೆ ಮಾವನವರು ನಮ್ಮನ್ನು ಜೊತೆಗೆ ಕರೆದುಕೊಂಡು ನೆರೆಮನೆಗೆ ಹೋಗಿ, ಕೈ ಮುಗಿದು ನಿಂತರು. ಕ್ಷಮಿಸಿ ಎನ್ನಲು ಅವರಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಬಳಿಕ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿದರು. ಮುಂದಿನ ವರ್ಷ ಆ ಗೊಬ್ಬರದಲ್ಲಿ ಬೆಳೆದ ಬದನೆಕಾಯಿಯ ಮೊದಲ ಪಾಲು ನೆರೆಮನೆಗೇ ಹೋಯಿತು.

ಬಂಧುಗಳೇ, ಊರಿನಿಂದ ಹಿರಿಯರು ಬಂದಾಗ ಅವರಿಗೆ ಮನೆಯ ಬೀಗ, ಒಲೆ, ಟೆಲಿಫೋನುಗಳನ್ನು ಪರಿಚಯಿಸುತ್ತೇವೆ. ಇಲ್ಲಿನ ಗಾಳಿಯ ನಿಯಮವನ್ನೂ ಅದೇ ದಿನ ಹೇಳೋಣ. ನಾವು ಹೇಳದೆ ಉಳಿದಿದ್ದರಿಂದ ಆದ ತಪ್ಪು ಅವರದಲ್ಲ, ನಮ್ಮದು.