ಮುಟ್ಟದೆ ಅಳೆಯುವ ಬೆಳಕು

ಹಳೇಬೀಡು, ಬೇಲೂರುಗಳನ್ನು ನೋಡಹೊರಟವರು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಬಸ್ಸು ಹಿಡಿಯುವುದು ಬಹುಕಾಲದ ವಾಡಿಕೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ನುಣುಪು ಕಂಬಗಳನ್ನು ಕಂಡು ಬೆರಗಾಗದವರಾರು? ಮೆದುವಾದ ಬಳಪದ ಕಲ್ಲನ್ನು ತಿರುಗಿಸುತ್ತ, ಹರಿತವಾದ ಆಯುಧವನ್ನೊಡ್ಡಿ ಇಂಥ ಕಂಬಗಳನ್ನು ಕಡೆದರೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಕಡೆದದ್ದು ಸರಿಯಾಯಿತೇ ಎಂದು ಅಳೆಯಬೇಕಾದರೆ ಕಲ್ಲನ್ನು ನಿಲ್ಲಿಸಲೇಬೇಕು. ಅಳತೆಗೋಲು ಎಂಬ ನಮ್ಮ ಮಾತಿನಲ್ಲಿಯೇ ಕೋಲಿದೆ. ಕೋಲು ವಸ್ತುವಿಗೆ ತಾಗಬೇಕು, ವಸ್ತು ಅಲ್ಲಾಡದೆ ಇರಬೇಕು.

ನಮ್ಮನ್ನು ಅರಸೀಕೆರೆಗೆ ಹೊತ್ತುತಂದ ರೈಲಿನ ಗಾಲಿಯದೂ ಇದೇ ಕಥೆ. ಗಾಲಿಯ ಒಳಬದಿಗೆ ಎದ್ದು ನಿಂತಿರುವ ಅಂಚೊಂದುಂಟು. ಗಾಲಿ ಹಳಿಯಿಂದ ಜಾರದಂತೆ ಕಾಯುವುದು ಅದೇ. ಉರುಳಿ ಉರುಳಿ ಅದು ಸವೆದು ತೆಳುವಾದರೆ ಬಂಡಿ ಹಳಿ ತಪ್ಪುವ ಭಯ. ಸವೆತವಾದರೋ ಮಿಲಿಮೀಟರುಗಳ ಲೆಕ್ಕದ್ದು, ಬರಿಗಣ್ಣಿಗೆ ಸುಲಭವಾಗಿ ಕಾಣದು. ಬಂಡಿಯನ್ನು ನಿಲ್ಲಿಸಿ, ಒಂದೊಂದೇ ಗಾಲಿಗೆ ಅಚ್ಚಿನ ತಗಡನ್ನು ಒತ್ತಿ ನೋಡುವುದು ಹಳೆಯ ಕ್ರಮ.

ಓಡುವ ಬಂಡಿಯ ಗಾಲಿಯನ್ನೇ ಅಳೆಯುವ ಬಗೆ ಹೇಗೆ? ಮೆಟ್ಟಿಲುಗಳ ಮೇಲೆ ಬಿದ್ದ ಕೋಲಿನ ನೆರಳನ್ನು ಗಮನಿಸಿರಿ. ಕೋಲು ನೆಟ್ಟಗಿದ್ದರೂ ನೆರಳು ಮೆಟ್ಟಿಲು ಮೆಟ್ಟಿಲಿಗೂ ಮುರಿದಿರುತ್ತದೆ. ಆ ಮುರಿವೇ ಮೆಟ್ಟಿಲಿನ ಎತ್ತರವನ್ನು ಹೇಳುತ್ತದೆ. ಹಾಗೆಯೇ, ಹಳಿಯ ಪಕ್ಕದಿಂದ ಲೇಸರ್ ಬೆಳಕಿನ ತೆಳುವಾದ ಗೆರೆಯೊಂದನ್ನು ಗಾಲಿಯ ಮೇಲೆ ಬೀಳಿಸುತ್ತಾರೆ. ಓರೆಯಾಗಿ ಇಟ್ಟ ಕ್ಯಾಮೆರಾಕ್ಕೆ ಆ ಗೆರೆ ಗಾಲಿಯ ಉಬ್ಬುತಗ್ಗಿನಂತೆ ಬಾಗಿ ಕಾಣುತ್ತದೆ. ದೀಪ, ಕ್ಯಾಮೆರಾ, ಗಾಲಿಯ ಮೇಲಣ ಬಿಂದು, ಇವು ಮೂರೂ ಸೇರಿ ಒಂದು ತ್ರಿಕೋನ. ಒಂದು ಭುಜ, ಎರಡು ಕೋನ ತಿಳಿದರೆ ಉಳಿದದ್ದನ್ನು ಪ್ರೌಢಶಾಲೆಯ ಹುಡುಗನೂ ಕಂಡುಹಿಡಿದಾನು.

ಇನ್ನು ವೇಗದ ಮಾತು. ಗಂಟೆಗೆ 60 ಕಿಲೋಮೀಟರು ಓಡುವ ಬಂಡಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿಯೇ ಸುಮಾರು 17 ಮಿಲಿಮೀಟರು ಸರಿಯುತ್ತದೆ. ಅಷ್ಟು ಹೊತ್ತು ಕ್ಯಾಮೆರಾ ಕಣ್ಣು ತೆರೆದಿದ್ದರೆ ಚಿತ್ರ ಕಲಸಿಹೋದೀತು. ಲಕ್ಷದಲ್ಲೊಂದು ಪಾಲು ಮಾತ್ರ ತೆರೆದರೆ, ಸರಿಯುವುದು ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತಲೂ ಕಡಮೆ. ಬಂಡಿ ನಿಲ್ಲದಿದ್ದರೂ ಬೆಳಕಿನ ಪಾಲಿಗೆ ಅದು ನಿಂತಂತೆಯೇ!

ಇಂಥ ನಾಲ್ಕು ಯಂತ್ರಗಳನ್ನು ಸ್ಥಾಪಿಸಲು ಭಾರತೀಯ ರೈಲ್ವೆ 2025ರ ಜುಲೈಯಲ್ಲಿ ದೆಹಲಿ ಮೆಟ್ರೋ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 1984ರಿಂದ ರೈಲುಗಾಲಿಗಳನ್ನು ಎರಕಹೊಯ್ಯುತ್ತಿರುವ ಯಲಹಂಕದ ಕಾರ್ಖಾನೆಯ ನಾಡಿನವರಾದ ನಮಗೆ ಇದು ದೂರದ ಸುದ್ದಿಯೇನಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಯಂತ್ರ ಸವೆತವನ್ನು ತೋರಿಸಬಲ್ಲುದು, ತಿದ್ದಲಾರದು. ಸವೆದ ಗಾಲಿಯನ್ನು ಮತ್ತೆ ತಿರುಗಿಸಿ ಕಡೆದು ರೂಪಕ್ಕೆ ತರಬೇಕು. ತೀರ ತೆಳುವಾದುದನ್ನು ಕಳಚಿ ಬೇರೆಯದನ್ನು ಜೋಡಿಸಬೇಕು. ಅಂಕಿಯನ್ನು ಓದಿ, ಗಾಡಿ ತಡವಾದರೂ ಚಿಂತೆಯಿಲ್ಲವೆಂದು ಆ ಡಬ್ಬಿಯನ್ನು ಬೇರ್ಪಡಿಸುವ ಎಚ್ಚರ ಮನುಷ್ಯನದು. ರಾತ್ರಿಯ ರೈಲಿನಲ್ಲಿ ಮಕ್ಕಳುಮರಿಗಳೊಡನೆ ನಿಶ್ಚಿಂತೆಯಾಗಿ ನಿದ್ರಿಸುವವರು ಆ ಎಚ್ಚರವನ್ನೇ ನಂಬಿದ್ದಾರೆ.