ಹಡಗಿನ ಪಟ್ಟಿಯೂ ಪೂರ್ವಿಕರ ಊರೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕೆಲವು ತಿಂಗಳ ಹಿಂದೆ ದಕ್ಷಿಣ ಆಫ್ರಿಕೆಯ ಡರ್ಬಾನ್ ಪಟ್ಟಣದಿಂದ ದಂಪತಿಗಳಿಬ್ಬರು ಶ್ರೀಮಠಕ್ಕೆ ಬಂದು, ಒಂದು ಕಾಗದವನ್ನು ನನ್ನ ಮುಂದಿಟ್ಟರು. ಅದು ಅವರ ಮುತ್ತಜ್ಜನು ಏರಿ ಹೋದ ಹಡಗಿನ ಪಟ್ಟಿಯ ಪ್ರತಿ. ಅದರಲ್ಲಿ ಕಾಣುವ ಊರನ್ನು ತೋರಿಸಿಕೊಡಬೇಕೆಂದು ಅವರು ಬೇಡಿಕೊಂಡರು. ಊರು ಹೊಸಹಳ್ಳಿ, ಸೀಮೆ ಮೈಸೂರು ಎಂದಿತ್ತು. ತಾಲ್ಲೂಕಿನ ಹೆಸರು ಮಾತ್ರ ಓದಲು ಬರುತ್ತಿರಲಿಲ್ಲ. ಹೊಸಹಳ್ಳಿಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ! ಮೈಸೂರು ಎಂದು ಬರೆದದ್ದು ಜಿಲ್ಲೆಯನ್ನೋ ಇಡೀ ಸಂಸ್ಥಾನವನ್ನೋ ತಿಳಿಯುವಂತಿರಲಿಲ್ಲ.

ಈ ಪಟ್ಟಿಗಳ ಹಿನ್ನೆಲೆಯನ್ನು ಅರಿಕೆ ಮಾಡುವೆನು. ನಾಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು 'ಟ್ರೂರೋ' ಮದರಾಸಿನಿಂದ ಹೊರಟು 1860ನೆಯ ನವೆಂಬರ್ 16ರಂದು ಡರ್ಬಾನನ್ನು ಮುಟ್ಟಿತು. 1866ರಲ್ಲಿ ನಿಂತ ಈ ಸಾಗಾಟವು 1874ರಲ್ಲಿ ಮತ್ತೆ ಮೊದಲಾಗಿ, ಹೊಗೆಹಡಗುಗಳ ಕಾಲದಲ್ಲಿ ಬಲಗೊಂಡು, 1911ರಲ್ಲಿ ಮುಗಿಯಿತು. ಅಷ್ಟರಲ್ಲಿ ಸುಮಾರು 1,52,000 ಜನರು ಕಡಲನ್ನು ದಾಟಿದ್ದರು. ಬಂದಿಳಿದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನಿತ್ತು, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗುರುತು, ಇವುಗಳನ್ನು ಬರೆದಿಡುತ್ತಿದ್ದರು. ಈ ಪಟ್ಟಿಗಳು ಇಂದಿಗೂ ಉಳಿದಿವೆ. ಈಗ ಗಣಕಯಂತ್ರದಲ್ಲಿಯೂ ಹುಡುಕಬಹುದು.

ಆದರೆ ಪಟ್ಟಿಯನ್ನು ನಂಬುವುದಕ್ಕೂ ಒಂದು ಕ್ರಮವುಂಟು. ನಮ್ಮವರು ಬಾಯಲ್ಲಿ ಹೇಳಿದುದನ್ನು ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ ಬರೆದನು. ಹೀಗೆ ಆ ನಾಡಿನಲ್ಲಿ ಮುನಿಸ್ವಾಮಿಯು 'ಮೂನ್‌ಸಾಮಿ'ಯಾದನು. ಗೌಂಡರು 'ಗೋವೆಂಡರ್' ಆದರು. ತಂದೆಯ ಅಥವಾ ತಾತನ ಹೆಸರೇ ಮುಂದೆ ಮನೆತನದ ಹೆಸರಾಗಿ ನಿಂತದ್ದೂ ಉಂಟು. ಮದರಾಸಿನಲ್ಲಿ ಹಡಗನ್ನೇರಿದವರೆಲ್ಲರೂ ಅಲ್ಲಿ 'ಮದರಾಸಿ'ಗಳೇ. ತೆಲುಗರೆಂದೂ ತಮಿಳರೆಂದೂ ಕನ್ನಡಿಗರೆಂದೂ ಅಲ್ಲಿಯವರು ಎಷ್ಟೋ ವೇಳೆ ಬೇರ್ಪಡಿಸಲಿಲ್ಲ. ಇದಲ್ಲದೆ, ತಮ್ಮ ಹಣದಿಂದಲೇ ಪ್ರಯಾಣ ಮಾಡಿದ ವರ್ತಕರೇ ಮೊದಲಾದವರು ಈ ಕೂಲಿಪಟ್ಟಿಯಲ್ಲಿ ಸೇರಿರುವುದಿಲ್ಲ. ಆದುದರಿಂದ ಹೆಸರು ಸಿಕ್ಕಲಿಲ್ಲವೆಂದು ಪೂರ್ವಿಕರು ಬರಲಿಲ್ಲವೆನ್ನಲಾಗದು. ಹೆಸರು ಸಿಕ್ಕಿತೆಂದು ಅವರೇ ಇವರೆನ್ನಲೂ ಆಗದು.

ಹಾಗಾದರೆ ಉಪಾಯವೇನು? ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಬೇಕು. ವಿವಾಹ, ಜನನ, ಮರಣಗಳ ಹಳೆಯ ಕಾಗದಗಳಲ್ಲಿ ಆ ಸಂಖ್ಯೆಯನ್ನು ನಮೂದಿಸಿರುವುದುಂಟು. ಒಂದೇ ಹೆಸರಿನವರು ನೂರಾರು ಮಂದಿ ಇರಬಹುದು. ಒಂದು ಸಂಖ್ಯೆಗಾದರೋ ಒಬ್ಬನೇ. ಸಂಖ್ಯೆಯಿಂದ ಪಟ್ಟಿಗೆ ಹೋಗಿ, ತಂದೆಯ ಹೆಸರು, ತಾಲ್ಲೂಕು, ಊರು ಈ ಮೂರೂ ಒಂದಕ್ಕೊಂದು ಹೊಂದಿದ ಮೇಲೆಯೇ ಊರನ್ನು ಗೊತ್ತುಮಾಡಬೇಕು.

ನಾನು ಆ ದಂಪತಿಗಳಿಗೆ ಯಾವ ಹೊಸಹಳ್ಳಿಯನ್ನೂ ತೋರಿಸಲಿಲ್ಲ. ಹತ್ತಿರದ ಒಂದು ಹಳ್ಳಿಗೆ ಕರೆದೊಯ್ದಿದ್ದರೆ ಅವರು ಆ ಮಣ್ಣನ್ನು ಕಣ್ಣಿಗೊತ್ತಿಕೊಂಡು ಸಂತೋಷದಿಂದ ಮರಳುತ್ತಿದ್ದರು. ಆದರೆ ಅವರ ಮಕ್ಕಳು ಮೊಮ್ಮಕ್ಕಳು ಪರರ ತಾತನನ್ನು ತಮ್ಮವನೆಂದು ನೆನೆಯುತ್ತಿದ್ದರು. ನಿಜವಾದ ಆ ಬಡವನು ಎರಡನೆಯ ಸಲ ಕಳೆದುಹೋಗುತ್ತಿದ್ದನು. ಇದನ್ನು ಹೇಳಿದಾಗ ಆ ತಾಯಿಯ ಕಣ್ಣು ತುಂಬಿತು. ಕೊನೆಗೆ, ಅತ್ತೆಯವರ ಹಳೆಯ ಪೆಟ್ಟಿಗೆಯಲ್ಲಿ ಕಾಗದಗಳಿರುವುವೆಂದೂ ಅವನ್ನು ನೋಡಿ ಬರೆಯುವೆನೆಂದೂ ಹೇಳಿ ಹೋದರು. ಆ ಪತ್ರವನ್ನು ನಾನಿನ್ನೂ ಎದುರುನೋಡುತ್ತಿರುವೆನು.

ಸದ್ಭಕ್ತರೇ, ಇದರಲ್ಲಿ ನಿಮ್ಮ ಪಾಲೂ ಇದೆ. ಕಡಲಿನಾಚೆಯ ಪಟ್ಟಿಯು ಅರ್ಧ ಸಾಕ್ಷಿ ಮಾತ್ರ. ಉಳಿದರ್ಧವು ನಿಮ್ಮ ಮನೆಗಳ ಹಿರಿಯರ ನೆನಪಿನಲ್ಲಿರಬಹುದು. "ನಮ್ಮ ತಾತನ ಅಣ್ಣನೊಬ್ಬ ಮದರಾಸಿಗೆ ಹೋದವನು ತಿರುಗಿ ಬರಲೇ ಇಲ್ಲ" ಎಂಬ ಮಾತು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ, ಅವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಊರನ್ನೂ ಇಂದೇ ಬರೆದಿಡಿರಿ. ಹಿರಿಯರು ಹೇಳಿದಂತೆಯೇ ಬರೆಯಿರಿ. ಸಂದೇಹವಿದ್ದರೆ ಸಂದೇಹವೆಂದೇ ಬರೆಯಿರಿ. ಯಾರಾದರೂ ಒಂದು ಕಾಗದವನ್ನು ಹಿಡಿದು ನಿಮ್ಮ ಬಾಗಿಲಿಗೆ ಬಂದ ದಿನ, ಆ ಎರಡು ಸಾಲುಗಳೇ ಅವರಿಗೆ ದಾರಿಯಾಗಬಹುದು.