ಮದ್ದು ಒಂದೇ, ದೇಹ ಬೇರೆ



ದೇಹವನ್ನು ಸೇರಿದ ಮದ್ದು ಹಾಗೆಯೇ ಉಳಿಯುವುದಿಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಮಾರ್ಪಡಿಸುತ್ತವೆ; ಬಳಿಕ ಅದು ಮೂತ್ರ, ಪಿತ್ತರಸಗಳ ಮೂಲಕ ಹೊರಹೋಗುತ್ತದೆ. ನೋವುನಿವಾರಕ ಡೈಕ್ಲೊಫೆನಾಕ್‌ನ ಅರ್ಧಪಾಲು ಮನುಷ್ಯನ ರಕ್ತದಿಂದ ಸುಮಾರು 2 ಗಂಟೆಗಳಲ್ಲೇ ಕಳೆದುಹೋಗುತ್ತದೆ.

ಸತ್ತ ದನಗಳನ್ನು ತಿಂದು ಊರನ್ನು ಶುಚಿಯಾಗಿಡುವ ರಣಹದ್ದಿಗೆ ಈ ಶಕ್ತಿ ಸಾಲದು. ಈ ಮದ್ದು ಪಡೆದು ಒಂದೆರಡು ದಿನಗಳಲ್ಲೇ ಸತ್ತ ದನದ ಮಾಂಸವನ್ನು ತಿಂದರೆ ಅದರ ಮೂತ್ರಪಿಂಡಗಳು ಕೆಡುತ್ತವೆ. ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಕಟ್ಟಿಕೊಂಡು ಹಕ್ಕಿ ಸಾಯುತ್ತದೆ. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ 2004ರಲ್ಲಿ ಇದು ಜಗತ್ತಿಗೆ ತಿಳಿಯಿತು. 2006ರಲ್ಲಿ ಭಾರತವು ಜಾನುವಾರುಗಳಿಗೆ ಈ ಮದ್ದನ್ನು ನಿಷೇಧಿಸಿತು.

ಆದರೆ ಅಸಿಕ್ಲೊಫೆನಾಕ್ ಎಂಬ ಇನ್ನೊಂದು ಮದ್ದು ದನದ ದೇಹದಲ್ಲಿ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಅದಕ್ಕೆ ನಿಷೇಧ ಬಂದದ್ದು 2023ರಲ್ಲಿ.

ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಆದರೆ ರಣಹದ್ದುಗಳು ಆಹಾರವನ್ನರಸಿ ಬಹುದೂರ ಹಾರುತ್ತವೆ. ಅವುಗಳ ಅಳಿವು ಉಳಿವು ನಮ್ಮ ಕೊಟ್ಟಿಗೆಗಳಲ್ಲಿಯೂ ಇದೆ. ದನಕ್ಕೆ ಸೂಜಿ ಹಾಕಿಸುವಾಗ ಮದ್ದಿನ ಹೆಸರನ್ನು ಕೇಳೋಣ. ರಣಹದ್ದಿಗೆ ಹಾನಿಮಾಡದೆಂದು ಪರೀಕ್ಷೆಗಳಲ್ಲಿ ಕಂಡುಬಂದ ಮೆಲಾಕ್ಸಿಕಾಮ್ ದೊರೆಯುತ್ತದೆಯೇ ಎಂದು ವಿಚಾರಿಸೋಣ. ನೋವಿನ ಮದ್ದು ಪಡೆದು ಸತ್ತ ದನವನ್ನು ಬಯಲಿಗೆ ಎಸೆಯದೆ ಹೂಳೋಣ.